ದಿನಾ ಅರ್ಧ ಗಂಟೆ ಪೇಂಟಿಂಗ್ ಕಲಿಯೋಣ ಅಂತ ಹೊರಟಿದ್ದೀನಿ, ಹಾಕಿದ ಬಣ್ಣವೆಲ್ಲಾ ಕೆಸರು! ದಾರಿ ಹೇಳಿ

ಹೊಸಕುಂಚ, ಮೈಸೂರು

ಎಲ್ಲರಿಗೂ ನಮಸ್ಕಾರ. ಶಾಲೆಯ ಡ್ರಾಯಿಂಗ್ ಪೀರಿಯಡ್ ಬಿಟ್ಟರೆ ನಾನು ಬ್ರಶ್ ಹಿಡಿದವಳೇ ಅಲ್ಲ. ವಯಸ್ಸು ನಲವತ್ತರ ಹತ್ತಿರ. ಮನೆ ಕುವೆಂಪುನಗರ, ಕೆಲಸ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಅಕೌಂಟ್ಸ್. ಸಂಜೆ ಬಂದು ಅಡುಗೆ, ಮಗಳ ಹೋಂವರ್ಕ್ ಅಂತ ಎಲ್ಲಾ ಮುಗಿಯುವ ಹೊತ್ತಿಗೆ ಒಂಬತ್ತು ದಾಟಿರುತ್ತದೆ. ಆಮೇಲೆ ಅರ್ಧ ಗಂಟೆ ಮಾತ್ರ ನನ್ನದು. ಆ ಹೊತ್ತಿನಲ್ಲಿ ದಿನಾ ಏನಾದರೂ ಪೇಂಟ್ ಮಾಡಬೇಕು, ಒಂದು ವರ್ಷ ಬಿಟ್ಟು ನೋಡಿದರೆ ಸ್ವಲ್ಪವಾದರೂ ಕೈ ಕುದುರಿರಬೇಕು ಅಂತ ಆಸೆ.

ಮಗಳ ವಾಟರ್ ಕಲರ್ ಬಾಕ್ಸು, ಅವಳದೇ ಡ್ರಾಯಿಂಗ್ ಬುಕ್ಕು ತೆಗೆದುಕೊಂಡು ಶುರು ಮಾಡಿದೆ. ಯೂಟ್ಯೂಬ್ ನೋಡಿಕೊಂಡು ಸೂರ್ಯಾಸ್ತ, ಬೆಟ್ಟ, ದೋಣಿ ಎಲ್ಲಾ ಹಾಕಿದೆ. ಅವರು ಹತ್ತು ನಿಮಿಷದಲ್ಲಿ ಮುಗಿಸೋದು ನನಗೆ ಒಂದು ಗಂಟೆಗೂ ಮುಗಿಯಲ್ಲ. ಕಾಗದ ಹಪ್ಪಳದ ಥರ ಡೊಂಕಾಗುತ್ತದೆ. ಬಣ್ಣ ಮೊದಲು ಚೆನ್ನಾಗಿಯೇ ಇರುತ್ತದೆ, ಇನ್ನೊಂದು ಕೈ ಹಾಕಿದೆನೋ, ಕೆಸರು. ನಮ್ಮ ಮನೆಯವರು ನೋಡಿ "ಮಳೆಗಾಲದ ರಿಂಗ್ ರೋಡಾ?" ಅಂದರು. ಸೂರ್ಯಾಸ್ತ ಕಣ್ರೀ ಅದು.

ಕೇಳಬೇಕಾಗಿರೋದು ಇಷ್ಟು. ವಾಟರ್ ಕಲರ್‌ನಲ್ಲೇ ಮುಂದುವರಿಯಲಾ, ಅಕ್ರಿಲಿಕ್‌ಗೆ ಹೋಗಲಾ? ಮೊದಲು ಪೆನ್ಸಿಲ್ ಡ್ರಾಯಿಂಗ್ ಕಲಿಯಲೇಬೇಕಾ? ದಿನಾ ಏನು ಹಾಕೋದು? ಕೂತ ಮೇಲೆ ಏನು ಹಾಕಲಿ ಅಂತ ಯೋಚನೆ ಮಾಡೋದರಲ್ಲೇ ಹದಿನೈದು ನಿಮಿಷ ಹೋಗುತ್ತದೆ. ಕ್ಲಾಸಿಗೆ ಸೇರೋಕೆ ಸದ್ಯಕ್ಕೆ ಟೈಮಿಲ್ಲ, ಅದನ್ನು ಬಿಟ್ಟು ಹೇಳಿ.

ಕುಕ್ಕರಹಳ್ಳಿ ಏರಿ

ಮೇಡಂ, ಅರ್ಧ ಗಂಟೆ ಧಾರಾಳ ಸಾಕು. ಆದರೆ ಅಷ್ಟರಲ್ಲಿ ಒಂದು ಪೂರ್ತಿ ಚಿತ್ರ ಮುಗಿಸಬೇಕು ಅನ್ನೋದನ್ನು ಬಿಟ್ಟುಬಿಡಿ. ಸಂಗೀತಕ್ಕೆ ಸೇರಿದ ಮೊದಲ ವಾರ ಯಾರೂ ಕೀರ್ತನೆ ಹಾಡಿಸಲ್ಲ, ಸರಳೆ ವರಸೆಯನ್ನೇ ತಿಂಗಳುಗಟ್ಟಲೆ ಹಾಡಿಸುತ್ತಾರೆ. ನೀವು ದಿನಾ ಹೊಸ ಸೂರ್ಯಾಸ್ತ ಹಾಕಿದರೆ ದಿನಾ ಎಲ್ಲಾ ತಪ್ಪೂ ಒಟ್ಟಿಗೆ ಆಗುತ್ತೆ. ಯಾವುದು ಯಾಕೆ ಆಯಿತು ಅಂತ ಗೊತ್ತೇ ಆಗಲ್ಲ.

ಹೀಗೆ ಮಾಡಿ ನೋಡಿ. ಒಂದು ನಿಂಬೆಹಣ್ಣು ತಗೊಳ್ಳಿ. ಬಿಳೀ ಹಾಳೆ ಮೇಲಿಡಿ, ಪಕ್ಕದಿಂದ ಒಂದೇ ಲೈಟು ಬೀಳಲಿ. ಆ ವಾರವೆಲ್ಲಾ ಅದೇ ನಿಂಬೆಹಣ್ಣು. ಮೊದಲ ದಿನ ಬರೀ 2ಬಿ ಪೆನ್ಸಿಲ್. ಕಣ್ಣು ಅರ್ಧ ಮುಚ್ಚಿ ನೋಡಿ, ಸಣ್ಣ ಪುಟ್ಟ ವಿವರವೆಲ್ಲಾ ಮಾಯವಾಗಿ ಬೆಳಕು, ನಡು, ಕತ್ತಲು ಅಂತ ಮೂರೇ ಭಾಗ ಕಾಣುತ್ತೆ. ಅಷ್ಟನ್ನೇ ಬರೆಯಿರಿ. ಮಾರನೇ ದಿನ ಅದೇ ಮೂರು ಭಾಗವನ್ನು ಒಂದೇ ಬಣ್ಣದಲ್ಲಿ, ಕಂದು ಅಥವಾ ಕಪ್ಪಿನಲ್ಲಿ, ನೀರು ಹೆಚ್ಚು ಕಡಿಮೆ ಮಾಡಿಕೊಂಡು ಹಾಕಿ. ಹೊಳಪಿರುವ ಜಾಗಕ್ಕೆ ಬಣ್ಣ ಮುಟ್ಟಿಸಬೇಡಿ, ವಾಟರ್ ಕಲರ್‌ನಲ್ಲಿ ಬಿಳಿ ಅಂದರೆ ಕಾಗದವೇ. ಮೊಬೈಲಲ್ಲಿ ಹಣ್ಣಿಂದೂ ನಿಮ್ಮ ಚಿತ್ರದ್ದೂ ಫೋಟೋ ತೆಗೆದು ಎರಡನ್ನೂ ಬ್ಲ್ಯಾಕ್ ಅಂಡ್ ವೈಟ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಹೊಸಬರದ್ದು ಸಾಮಾನ್ಯವಾಗಿ ಎಲ್ಲಾ ನಡುಮಧ್ಯದ ಬೂದಿಯಲ್ಲೇ ಇರುತ್ತೆ. ಕತ್ತಲನ್ನು ಕತ್ತಲಾಗಿ ಹಾಕೋಕೆ ಧೈರ್ಯ ಸಾಲಲ್ಲ.

ಬಣ್ಣಕ್ಕೆ ಕೈ ಹಾಕೋದು ಅದಾದ ಮೇಲೆ. ಆಗ ಒಂದು ತಮಾಷೆ ನೋಡಿ. ಹಳದಿಯ ನೆರಳಿಗೆ ಅಂತ ಹಳದಿಗೆ ಕಪ್ಪು ಸೇರಿಸಿದರೆ ನೆರಳಾಗಲ್ಲ, ಪಾಚಿ ಹಸಿರಾಗುತ್ತೆ. ಅದರ ಬದಲು ಒಂಚೂರು ಬರ್ಂಟ್ ಸಿಯೆನ್ನಾ, ಅಂದರೆ ಕೆಂಪು ಕಲೆತ ಕಂದು, ಸೇರಿಸಿ. ಇಲ್ಲವೇ ಬಹಳ ತೆಳುವಾದ ನೇರಳೆ. ಇದೊಂದು ಪಾಠವೇ ಎರಡು ದಿನಕ್ಕೆ ಆಗುತ್ತೆ.

ಕೆಸರಿಗೆ ಕಾರಣ ಹೇಳ್ತೀನಿ. ಬಾಕ್ಸಿನಲ್ಲಿ ಹನ್ನೆರಡು ಬಣ್ಣ ಇದೆ ಅಂತ ಎಲ್ಲದಕ್ಕೂ ಬ್ರಶ್ ಅದ್ದುತ್ತೀರಿ. ಎರಡು ಸೇರಿದರೆ ಚೆನ್ನ, ಮೂರು ಸೇರಿದರೆ ಜಾಗ್ರತೆ ಬೇಕು, ನಾಲ್ಕನೆಯದು ಬಂದರೆ ಮುಗೀತು. ಅದರಲ್ಲೂ ಕೆಂಪು ಹಸಿರು, ನೀಲಿ ಕಿತ್ತಳೆ, ಹಳದಿ ನೇರಳೆ ಇವು ಒಂದನ್ನೊಂದು ತಿಂದುಹಾಕುತ್ತವೆ. ನಿಮ್ಮ ಸೂರ್ಯಾಸ್ತದಲ್ಲಿ ನೀಲಿ ಆಕಾಶ ಕಿತ್ತಳೆಗೆ ತಗುಲಿದ ಕಡೆಯೇ ಕೆಸರಾಗಿರಬೇಕು, ಅಲ್ವಾ? ಇನ್ನೊಂದು ಕಾರಣ ಅವಸರ. ಕೆಳಗಿನ ಪದರ ಅರ್ಧ ಒಣಗಿದಾಗ ಮೇಲೆ ಉಜ್ಜಿದರೆ ಕೆಳಗಿನದು ಎದ್ದು ಬಂದು ಕಲಸಿಕೊಳ್ಳುತ್ತೆ. ಆಮೇಲೆ ನೀರು. ಎರಡು ಮಗ್ ಇಟ್ಟುಕೊಳ್ಳಿ, ಒಂದು ಬ್ರಶ್ ತೊಳೆಯೋಕೆ, ಒಂದು ಬಣ್ಣಕ್ಕೆ ಸೇರಿಸೋಕೆ.

ಬಾಕ್ಸು ಮಗಳಿಗೇ ವಾಪಸ್ ಕೊಟ್ಟು ನಾಲ್ಕು ಟ್ಯೂಬ್ ತಗೊಳ್ಳಿ: ಲೆಮನ್ ಯೆಲ್ಲೋ, ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಬರ್ಂಟ್ ಸಿಯೆನ್ನಾ. ಕ್ಯಾಮೆಲ್‌ನದೇ ಸಾಕು. ಅಲ್ಟ್ರಾಮರೀನ್‌ಗೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಎಷ್ಟು ಥರದ ಬೂದು ಬರುತ್ತೆ ಗೊತ್ತಾ, ನೀಲಿ ಜಾಸ್ತಿಯಾದರೆ ಮಳೆ ಮೋಡ, ಕಂದು ಜಾಸ್ತಿಯಾದರೆ ಹಳೇ ಗೋಡೆ, ಎರಡನ್ನೂ ಗಟ್ಟಿಯಾಗಿ ತಗೊಂಡರೆ ಹೆಚ್ಚುಕಮ್ಮಿ ಕಪ್ಪು. ಕಪ್ಪು ಟ್ಯೂಬ್ ಕೊಳ್ಳೋದೇ ಬೇಡ.

ದುಡ್ಡು ಹಾಕಬೇಕಾದ ಜಾಗ ಒಂದೇ, ಕಾಗದ. ಡ್ರಾಯಿಂಗ್ ಬುಕ್ಕಿನ ಹಾಳೆ ತೆಳು, ನೀರು ಬಿದ್ದರೆ ಡೊಂಕಾಗಲೇಬೇಕು, ಅದು ನಿಮ್ಮ ಕೈತಪ್ಪಲ್ಲ. 300 ಜಿಎಸ್ಎಂ (ಕಾಗದದ ತೂಕದ ಅಳತೆ, ಜಾಸ್ತಿಯಾದಷ್ಟೂ ದಪ್ಪ) ವಾಟರ್ ಕಲರ್ ಶೀಟ್ ಕೇಳಿ. 22 ಇಂಚು 30 ಇಂಚಿನ ಫುಲ್ ಶೀಟು ತಂದು 16 ತುಂಡು ಮಾಡಿದರೆ ಒಂದೊಂದೂ ಹೆಚ್ಚುಕಮ್ಮಿ ಎರಡು ಪೋಸ್ಟ್ ಕಾರ್ಡಿನಷ್ಟು. ಅರ್ಧ ಗಂಟೆಗೆ ಅದೇ ಸರಿಯಾದ ಅಳತೆ. ಪರೀಕ್ಷೆಗೆ ಒಯ್ಯುವ ರೈಟಿಂಗ್ ಪ್ಯಾಡ್ ಇರುತ್ತಲ್ಲ, ಅದಕ್ಕೆ ನಾಲ್ಕೂ ಕಡೆ ಮಾಸ್ಕಿಂಗ್ ಟೇಪ್ ಹಾಕಿ ಅಂಟಿಸಿ.

ಮದ್ದೂರು ವಡೆ

ಏರಿ ಸರ್ ಪಿಎಚ್‌ಡಿ ಥೀಸಿಸ್ ಬರೆದಿದ್ದಾರೆ 😄 ಅಕ್ಕ, ನನ್ನದು ಒಂದೇ ಮಾತು. ಸಾಮಾನೆಲ್ಲಾ ಟೇಬಲ್ ಮೇಲೆ ಹರಡಿಯೇ ಇರಲಿ. ದಿನಾ ಬೀರು ಒಳಗಿಂದ ತೆಗೆದು ಮತ್ತೆ ಒಳಗಿಡೋ ಹಾಗಿದ್ದರೆ ಆ ಅಭ್ಯಾಸ ನಿಲ್ಲಲ್ಲ. ಇನ್ನೊಂದು, ಬ್ರಶ್ ಜಾಸ್ತಿ ಬೇಡ. 8ನೇ ನಂಬರ್ ರೌಂಡ್ ಸಿಂಥೆಟಿಕ್ ಒಂದು, ಒಂದು ಇಂಚಿನ ಫ್ಲ್ಯಾಟ್ ಒಂದು. ಪ್ಯಾಲೆಟ್‌ಗೆ ಬಿಳೀ ಪಿಂಗಾಣಿ ತಟ್ಟೆ. ಸ್ಟೀಲ್ ತಟ್ಟೆಯಲ್ಲಿ ಕಲಸಿದರೆ ಬಣ್ಣ ಯಾವುದು ಅಂತಲೇ ಗೊತ್ತಾಗಲ್ಲ. ಬ್ರಶ್ ಒರೆಸೋಕೆ ಹಳೇ ಬನಿಯನ್‌ಗಿಂತ ಒಳ್ಳೇದು ಯಾವ ಅಂಗಡಿಯಲ್ಲೂ ಸಿಗಲ್ಲ.

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ

ಏರಿಯವರು ಹೇಳಿದ್ದರಲ್ಲಿ ಬೆಳಕು ಕತ್ತಲಿನ ಮಾತು ನೂರಕ್ಕೆ ನೂರು ಸರಿ. ಆದರೆ ಹೊಸಬರನ್ನು ಸೀದಾ ವಾಟರ್ ಕಲರ್‌ಗೆ ಇಳಿಸೋದನ್ನು ನಾನು ಒಪ್ಪಲ್ಲ. ಅದು ತಿದ್ದೋಕೆ ಬಿಡದ ಮಾಧ್ಯಮ. ತಿಳಿಯಿಂದ ಗಾಢಕ್ಕೆ ಹೋಗಬೇಕು, ಒಮ್ಮೆ ಗಾಢ ಬಿತ್ತು ಅಂದರೆ ವಾಪಸ್ ಬರೋದು ಕಷ್ಟ. ಮಕ್ಕಳನ್ನು ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ತಯಾರು ಮಾಡಿ ಮಾಡಿ ನಾನು ನೋಡಿರೋದು ಇದು. ಪೋಸ್ಟರ್ ಕಲರ್‌ನಲ್ಲಿ ಕಲಿತ ಮಕ್ಕಳಿಗೆ ಧೈರ್ಯ ಬೇಗ ಬರುತ್ತದೆ. ತಪ್ಪಾದರೆ ಒಣಗಿದ ಮೇಲೆ ಮೇಲೊಂದು ಗಟ್ಟಿ ಪದರ ಹಾಕಿದರಾಯಿತು. ಅಗ್ಗವೂ ಹೌದು. ಅಕ್ರಿಲಿಕ್ಕೂ ಹಾಗೆಯೇ ಮುಚ್ಚುತ್ತದೆ, ಆದರೆ ನಮ್ಮ ಮಾರ್ಚ್ ಏಪ್ರಿಲ್ ಬಿಸಿಲಿಗೆ ತಟ್ಟೆಯಲ್ಲೇ ಒಣಗಿ ಪ್ಲಾಸ್ಟಿಕ್ ಆಗುತ್ತದೆ, ಬ್ರಶ್ ತೊಳೆಯೋದು ಮರೆತರೆ ಬ್ರಶ್ಶಿನ ಕತೆ ಮುಗಿಯಿತು. ದಿನಕ್ಕೆ ಅರ್ಧ ಗಂಟೆ ಕೂರುವವರಿಗೆ ಅದು ಹೊಂದೋದಿಲ್ಲ. ಆಯಿಲ್ ಪೇಂಟ್ ಅಂತೂ ಒಣಗೋಕೆ ದಿನಗಟ್ಟಲೆ ಬೇಕು, ಟರ್ಪೆಂಟೈನ್ ವಾಸನೆ ಬೇರೆ. ಸದ್ಯಕ್ಕೆ ಆ ಕಡೆ ನೋಡಬೇಡಿ.

ಪೆನ್ಸಿಲ್ ಬೇಕಾ ಅಂತ ಕೇಳಿದ್ದೀರಿ. ಬೇಕು. ಆದರೆ ಮೊದಲು ಅದನ್ನು ಪೂರ್ತಿ ಕಲಿತು ಆಮೇಲೆ ಬಣ್ಣ ಅನ್ನುವ ಲೆಕ್ಕ ಬೇಡ. ಎರಡೂ ಜೊತೆಗೇ ಸಾಗಲಿ. ಆಫೀಸ್ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಎರಡು ಮೂರು ನಿಮಿಷದಲ್ಲಿ ಕಂಡದ್ದನ್ನು ಗೀಚಿ. ನೀರಿನ ಬಾಟಲಿ, ಯಾರದೋ ಚಪ್ಪಲಿ, ಮುಂದಿನ ಸೀಟಿನವರ ಬೆನ್ನು. ಚಲಿಸುವುದನ್ನು ಬೇಗ ಹಿಡಿಯೋಕೆ ಹೋದಾಗ ಬೇಡದ್ದು ತಾನಾಗಿಯೇ ಬಿಟ್ಟುಹೋಗುತ್ತದೆ.

ಇನ್ನು ಹಸಿರಿನ ವಿಷಯ ಹೇಳಲೇಬೇಕು, ಯಾಕೆಂದರೆ ಮುಂದಿನ ತಿಂಗಳು ನೀವು ಅಲ್ಲೇ ಬಂದು ನಿಲ್ಲುತ್ತೀರಿ. ನಮ್ಮ ಕಡೆ ಕೂತರೂ ನಿಂತರೂ ಹಸಿರೇ, ಕಬ್ಬಿನ ಗದ್ದೆ, ಭತ್ತದ ಗದ್ದೆ, ನಾಲೆ ಏರಿ ಮೇಲಿನ ತೆಂಗು. ಮಕ್ಕಳು ಟ್ಯೂಬಿನ ಹಸಿರನ್ನು ಹಾಗೇ ತೆಗೆದು ಬಳಿಯುತ್ತಾರೆ. ಪ್ಲಾಸ್ಟಿಕ್ ಬಕೆಟ್ ಥರ ಕಾಣುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಒಂದು ಕಬ್ಬಿನ ಗದ್ದೆ ಮುಂದೆ ನಿಂತು ನೋಡಿ. ಬಿಸಿಲು ಗರಿಯ ಹಿಂದಿನಿಂದ ಬಂದ ಕಡೆ ಅದು ಹಸಿರೇ ಅಲ್ಲ, ಹೆಚ್ಚುಕಡಿಮೆ ಹಳದಿ. ಗರಿ ಬಾಗಿ ಆಕಾಶಕ್ಕೆ ಮುಖ ಮಾಡಿದ ಕಡೆ ನೀಲಿ ಕಲೆತ ಬೂದು. ಬುಡದಲ್ಲಿ ಒಣಗಿದ ತರಗು, ಅದು ಕಂದು. ಒಳಗೆ ಸಾಲಿನ ಸಂದಿಯಲ್ಲಿ ಬರೀ ಕತ್ತಲು. ದೂರದ ಗದ್ದೆಗೆ ಬಂದರೆ ಹಸಿರು ಮಂಕಾಗಿ ನೀಲಿಯ ಕಡೆ ವಾಲುತ್ತದೆ. ಇಷ್ಟಕ್ಕೂ ಮೇಲೆ ಹೇಳಿದ ಹಳದಿ, ನೀಲಿ, ಬರ್ಂಟ್ ಸಿಯೆನ್ನಾ ಮೂರೇ ಸಾಕು. ಹಳದಿಗೆ ನೀಲಿಯನ್ನು ಚೂರು ಚೂರೇ ಸೇರಿಸುತ್ತಾ ಒಂದು ಪಟ್ಟಿ ಹಾಕಿ. ಅದೇ ಪಟ್ಟಿಯನ್ನು ಬರ್ಂಟ್ ಸಿಯೆನ್ನಾ ಒಂದು ಚುಕ್ಕೆ ಸೇರಿಸಿ ಮತ್ತೆ ಹಾಕಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಎರಡನೆಯದರಲ್ಲಿ ನಿಮ್ಮ ಊರಿನ ಗಿಡ ಮರ ಕಾಣುತ್ತದೆ. ಚಿತ್ರ ಹಾಕಲು ಮನಸ್ಸಿಲ್ಲದ ದಿನ ಇಂಥ ಪಟ್ಟಿ ಹಾಕಿದರೂ ಆ ದಿನದ ಲೆಕ್ಕ ಜಮಾ.

ಭಾನುವಾರ ರಜೆ ತಗೊಳ್ಳಿ. ಒಂದು ದಿನ ತಪ್ಪಿತು ಅಂತ ಮಾರನೇ ದಿನ ಎರಡು ಹಾಕಬೇಡಿ. ಸಾಲ ತೀರಿಸೋ ಥರ ಮಾಡಿದರೆ ಬೇಸರ ಬಂದು ನಿಂತೇ ಹೋಗುತ್ತದೆ.

ಹೊಸಕುಂಚ, ಮೈಸೂರು

ಅಬ್ಬಾ, ಇಷ್ಟೊಂದು! ಎಲ್ಲರಿಗೂ ಥ್ಯಾಂಕ್ಸ್. ನಿಂಬೆಹಣ್ಣು ಶುರು ಮಾಡಿದ್ದೀನಿ. ಕಪ್ಪು ಸೇರಿಸಿದರೆ ನಿಜವಾಗ್ಲೂ ಪಾಚಿ ಬಣ್ಣವೇ ಬಂತು, ನೋಡಬೇಕು ಅಂತಲೇ ಬೇಕಂತ ಹಾಕಿದೆ. ವಾಟರ್ ಕಲರ್ ಸದ್ಯಕ್ಕೆ ಬಿಡೋಕೆ ಮನಸ್ಸಿಲ್ಲ ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಪೋಸ್ಟರ್ ಕಲರ್ ರಜೆಯಲ್ಲಿ ಮಗಳ ಜೊತೆ ನೋಡ್ತೀನಿ.

ಎರಡು ಅನುಮಾನ ಉಳಿದಿದೆ. ಒಂದು, ನಾನು ಹಾಕೋದೆಲ್ಲಾ ರಾತ್ರಿ. ಬೆಳಿಗ್ಗೆ ಎದ್ದು ನೋಡಿದರೆ ಬಣ್ಣ ಬೇರೆಯೇ ಇರುತ್ತೆ, ಒಂದೊಂದು ಸಲ ಹಳದಿ ರಾಡಿಯಷ್ಟು ಜಾಸ್ತಿ. ಇನ್ನೊಂದು, ಬೇರೆಯವರ ಚಿತ್ರ ನೋಡಿ ಕಾಪಿ ಮಾಡೋದು ತಪ್ಪಾ? ನೋಡಿಕೊಂಡು ಹಾಕಿದರೆ ಅದು ನಂದು ಅಂತ ಅನ್ನಿಸಲ್ಲ.

ಕುಕ್ಕರಹಳ್ಳಿ ಏರಿ

ಬಲ್ಬು ಬದಲಾಯಿಸಿ ಮೇಡಂ. ವಾರ್ಮ್ ವೈಟ್ ಬಲ್ಬಿನ ಕೆಳಗೆ ಬಿಳೀ ಕಾಗದವೇ ಹಳದಿಯಾಗಿರುತ್ತೆ, ನೀವು ಹಾಕಿದ ತಿಳಿ ಹಳದಿ ಅದರಲ್ಲಿ ಕಾಣೋದೇ ಇಲ್ಲ. ಕಾಣಲಿಲ್ಲ ಅಂತ ಮತ್ತೆ ಹಾಕ್ತೀರಿ. ಎಲ್‌ಇಡಿ ಡಬ್ಬಿ ಮೇಲೆ ಕೆಲ್ವಿನ್ ಅಂತ ಬರೆದಿರುತ್ತೆ. 3000 ಅಂದರೆ ಹಳದಿ, 6500 ಅಂದರೆ ಹಗಲಿನ ಬೆಳಕಿಗೆ ಹತ್ತಿರ. ಟೇಬಲ್‌ಗೆ ಎರಡನೆಯದು ಹಾಕಿ. ಹಾಂ, ಇನ್ನೊಂದು. ವಾಟರ್ ಕಲರ್ ಒಣಗಿದ ಮೇಲೆ ಹಸಿಯಲ್ಲಿ ಕಂಡದ್ದಕ್ಕಿಂತ ತಿಳಿಯಾಗುತ್ತೆ, ಅದನ್ನು ಲೆಕ್ಕಕ್ಕೆ ತಗೊಂಡು ಕತ್ತಲ ಜಾಗಕ್ಕೆ ಮೊದಲೇ ಸ್ವಲ್ಪ ಗಟ್ಟಿ ಹಾಕಿ.

ಒಂದು ಭಾನುವಾರ ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ, ತೆರೆದಿದೆಯಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಮೈಸೂರಿನಲ್ಲೇ ಇದ್ದು ಚಿಕ್ಕಂದಿನಲ್ಲಿ ಶಾಲೆ ಟ್ರಿಪ್ಪಲ್ಲಿ ನೋಡಿದ್ದೇ ಕೊನೆ ಅನ್ನುವವರೇ ಜಾಸ್ತಿ. 1861ರಲ್ಲಿ ಕಟ್ಟಿದ ಅರಮನೆ, 1915ರಲ್ಲಿ ಅದನ್ನು ಚಿತ್ರಶಾಲೆ ಮಾಡಿದರು. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಎಲ್ಲರ ಮನೆ ಕ್ಯಾಲೆಂಡರಿನಲ್ಲೂ ಬಂದಿದ್ದು. ಅದನ್ನು ರವಿವರ್ಮನದು ಅಂತ ಹೇಳೋರು ಈಗಲೂ ಇದ್ದಾರೆ. ಬರೆದವರು ಎಸ್. ಎಲ್. ಹಳದಣಕರ್, ಮತ್ತು ಅದು ವಾಟರ್ ಕಲರ್! ಮೇಷ್ಟ್ರು ತಿದ್ದೋಕೆ ಬಿಡಲ್ಲ ಅಂದ ಅದೇ ಮಾಧ್ಯಮ. ಹೋದವರೆಲ್ಲಾ ಮುಖ ನೋಡಿಕೊಂಡು ಮುಂದೆ ಹೋಗ್ತಾರೆ. ನೀವು ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳಿನ ಅಂಚಿನಲ್ಲಿ ಬೆಳಕು ಒಳಗಿಂದ ಕೆಂಪಾಗಿ ಹೊರಗೆ ಬರುತ್ತೆ. ಅಲ್ಲಿ ಬಣ್ಣ ಎಷ್ಟು ತೆಳು, ಅದಕ್ಕೆ ಎದುರಾಗಿ ಸುತ್ತಲಿನ ಕತ್ತಲು ಎಷ್ಟು ಗಟ್ಟಿ ಅಂತ ಗಮನಿಸಿ. ಬೆಳಕನ್ನು ಅವರು ಬೆಳಕು ಹಾಕಿ ತಂದಿಲ್ಲ, ಕತ್ತಲು ಹಾಕಿ ತಂದಿದ್ದಾರೆ. ಅದೇ ಕಟ್ಟಡದಲ್ಲಿ ರವಿವರ್ಮನ ತೈಲಚಿತ್ರಗಳೂ ಇವೆ. ಒಂದಾದ ಮೇಲೆ ಇನ್ನೊಂದು ನೋಡಿದರೆ ಎರಡು ಮಾಧ್ಯಮಕ್ಕೂ ಇರುವ ವ್ಯತ್ಯಾಸ ಯೂಟ್ಯೂಬಿನ ಹತ್ತು ವಿಡಿಯೋಗಿಂತ ಚೆನ್ನಾಗಿ ತಲೆಗೆ ಹೋಗುತ್ತೆ.

ಬೆಂಗಳೂರಿಗೆ ಹೋದಾಗ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ವಾಟರ್ ಕಲರ್‌ಗಳನ್ನೂ ನೋಡಬೇಕು. ಮೈಸೂರು ಅರಮನೆಗೆ ಕೆಲಸ ಮಾಡಿದವರು, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಮಂಜನ್ನು ಅಷ್ಟು ತಾಳ್ಮೆಯಿಂದ ಬರೆದವರನ್ನು ನಾನು ಕಂಡಿಲ್ಲ.

ರಂಗನತಿಟ್ಟು ಹಕ್ಕಿ, ಶ್ರೀರಂಗಪಟ್ಟಣ

ಕಾಪಿ ಮಾಡೋದು ತಪ್ಪಾ ಅಂತ ಕೇಳಿದ್ರಲ್ಲ ಅಕ್ಕ, ಅದಕ್ಕೆ ನಾನು ಬಂದೆ. ನಾನು ಕಲಿಯುತ್ತಿರೋದು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಲೆ. ಅಲ್ಲಿ ಕಲಿಕೆ ಅಂದರೇನೇ ಗುರುಗಳ ಗೆರೆ ನೋಡಿ ಹಾಕೋದು. ದೇವರ ಕೈಯಲ್ಲಿ ಏನಿರಬೇಕು, ಕೂರುವ ಭಂಗಿ ಹೇಗಿರಬೇಕು ಅನ್ನೋದಕ್ಕೆ ಅಳತೆ, ನಿಯಮ ಎಲ್ಲಾ ಇದೆ, ನನ್ನ ಇಷ್ಟದ ಪ್ರಕಾರ ಬದಲಾಯಿಸೋ ಹಾಗಿಲ್ಲ. ಹಾಗಂತ ಇಬ್ಬರು ಹಾಕಿದ ಸರಸ್ವತಿ ಒಂದೇ ಥರ ಇರುತ್ತಾಳಾ? ಇಲ್ಲವೇ ಇಲ್ಲ. ಗೆರೆಯಲ್ಲೇ ಯಾರದು ಅಂತ ಗೊತ್ತಾಗುತ್ತೆ.

ಎಲ್ಲರೂ ಚಿನ್ನದ ರೇಕಿನ ಕೆಲಸ ನೋಡಿ ಬಂದು ಸೇರುತ್ತಾರೆ. ಗೆಸ್ಸೋ ಅನ್ನೋ ಗಟ್ಟಿ ಲೇಪದಲ್ಲಿ ಒಡವೆ ಉಬ್ಬಿಸಿ ರೇಕು ಅಂಟಿಸೋ ಹಂತಕ್ಕೆ ಬರೋಕೆ ಎಷ್ಟೋ ಕಾಲ ಬೇಕು, ಅಲ್ಲಿಯವರೆಗೆ ಗೆರೆ, ಗೆರೆ, ಗೆರೆ. ಹಿಂದಿನವರು ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಲ್ಲಿ ಸ್ಕೆಚ್ ಹಾಕುತ್ತಿದ್ದರು. ಅದು ಮೆತ್ತಗಿರುತ್ತೆ, ಬಟ್ಟೆಯಲ್ಲಿ ತಟ್ಟಿದರೆ ಹೋಗುತ್ತೆ, ಮತ್ತೆ ಹಾಕಬಹುದು. ನಿಮಗೂ ಹೇಳ್ತೀನಿ, ಕೂತ ತಕ್ಷಣ ಮೊದಲ ಐದು ನಿಮಿಷ ಬರೀ ಬ್ರಶ್ ಗೆರೆ ಹಾಕಿ, ಹಳೇ ನ್ಯೂಸ್ ಪೇಪರ್ ಮೇಲಾದರೂ ಸರಿ. ಬ್ರಶ್ ನೆಟ್ಟಗೆ ಹಿಡಿದು, ಕಿರುಬೆರಳನ್ನು ಕಾಗದಕ್ಕೆ ತಾಗಿಸಿ, ಮಣಿಕಟ್ಟು ಅಲ್ಲಾಡಿಸದೆ ಭುಜದಿಂದ ಎಳೀಬೇಕು. ತುದಿ ಒತ್ತಿದರೆ ದಪ್ಪ, ಎತ್ತುತ್ತಾ ಹೋದರೆ ಕೂದಲಿನಷ್ಟು ತೆಳು. ಬ್ರಶ್ಶಿನಲ್ಲಿ ನೀರು ಎಷ್ಟಿದೆ ಅನ್ನೋದು ಆಗ ಕೈಗೇ ಗೊತ್ತಾಗುತ್ತೆ. ಕೂತ ಮೇಲೆ ಏನು ಹಾಕಲಿ ಅಂತ ಯೋಚಿಸೋ ನಿಮ್ಮ ಸಮಸ್ಯೆಯೂ ಹೋಗುತ್ತೆ.

ಹಾಂ, ಯಾರದಾದರೂ ನೋಡಿ ಹಾಕಿದರೆ ಹಿಂದುಗಡೆ ಅವರ ಹೆಸರು ಬರೆದಿಡಿ. ಅಷ್ಟು ಮಾಡಿದರೆ ಅದು ಕಲಿಕೆ, ಯಾರೂ ಏನೂ ಅನ್ನಲ್ಲ.

ನಮ್ಮ ಊರಿಗೆ ಬಂದರೆ ದರಿಯಾ ದೌಲತ್ ಅರಮನೆಗೆ ಒಂದು ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ಲು ತಗೊಂಡು ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ್ದು. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರ ಗೋಡೆ ತುಂಬಾ ಇದೆ, ಆನೆ, ಕುದುರೆ, ಸೈನಿಕರ ಸಾಲು ಸಾಲು. ಪೂರ್ತಿ ಗೋಡೆ ನೋಡಿದರೆ ತಲೆ ತಿರುಗುತ್ತೆ. ಒಂದೇ ಒಂದು ಕುದುರೆ ಆರಿಸಿಕೊಂಡು ಅದರ ಹೊರಗೆರೆ ಮಾತ್ರ ಹಾಕಿ. ಜನ ಫೋಟೋ ತೆಗೆದುಕೊಂಡು ಎರಡು ನಿಮಿಷದಲ್ಲಿ ಹೊರಗೆ ಹೋಗ್ತಿರ್ತಾರೆ, ನೀವು ಒಂದು ಮೂಲೆಯಲ್ಲಿ ಆರಾಮಾಗಿ ನಿಂತಿರಬಹುದು.

ಮದ್ದೂರು ವಡೆ

ಒಂದು ಮುಖ್ಯವಾದ ಪ್ರಶ್ನೆ. ಇನ್‌ಸ್ಟಾಗ್ರಾಂನಲ್ಲಿ ದಿನಾ ಹಾಕಬೇಕಾ? ನನ್ನ ಫ್ರೆಂಡ್ಸ್ ಎಲ್ಲಾ ಹಾಕಿದರೆ ಡಿಸಿಪ್ಲಿನ್ ಬರುತ್ತೆ ಅಂತಾರೆ.

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ

ಹಾಕೋದಾದರೆ ವಾರಕ್ಕೊಂದು. ದಿನಾ ಹಾಕುವವರು ನಾಳೆ ಯಾವುದು ಚೆನ್ನಾಗಿ ಕಾಣುತ್ತದೆ ಅಂತ ಲೆಕ್ಕ ಹಾಕೋಕೆ ಶುರು ಮಾಡುತ್ತಾರೆ, ಬಾರದ್ದನ್ನು ಮುಟ್ಟೋದೇ ಬಿಡುತ್ತಾರೆ. ಕೈ ಬರೆಯಲು ಬರಲ್ಲ ಅಂತ ಚಿತ್ರದಲ್ಲಿರುವ ಎಲ್ಲರ ಕೈಯನ್ನೂ ಜೇಬಿನಲ್ಲಿ ಇಡಿಸಿದ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿದ್ದ. ಲೈಕ್ ಬಂದಿದ್ದರೆ ಇನ್ನೂ ಹಾಗೇ ಇಡಿಸುತ್ತಿದ್ದ.

ಬರೆದದ್ದನ್ನು ಹರಿದು ಬಿಸಾಕಬೇಡಿ ಅಂತ ಮಾತ್ರ ಹೇಳುತ್ತೇನೆ. ಹಿಂದೆ ತಾರೀಖು ಹಾಕಿ ಒಂದು ಶೂ ಡಬ್ಬಿಯಲ್ಲಿ ಇಡಿ. ದಿನದಿಂದ ದಿನಕ್ಕೆ ಏನೂ ಬದಲಾದಂತೆ ಕಾಣಲ್ಲ, ತಿಂಗಳು ಕಳೆದ ಮೇಲೆ ತೆಗೆದು ನೋಡಿದರೆ ಕಾಣುತ್ತದೆ.

ಹೊಸಕುಂಚ, ಮೈಸೂರು

ಇಲ್ಲಿಗೆ ಬಂದು ಸ್ವಲ್ಪ ದಿನ ಆಯಿತು. ನಿಂಬೆಹಣ್ಣು ಮುಗಿದು ಬದನೆಕಾಯಿಗೆ ಬಂದಿದ್ದೀನಿ. ಕ್ರಿಮ್ಸನ್, ಅಲ್ಟ್ರಾಮರೀನ್ ಎರಡೇ ಹಾಕಿ ಆ ಕಡು ನೇರಳೆ ಬರುತ್ತೆ ಅಂತ ಗೊತ್ತಾದಾಗ ಆದ ಖುಷಿ ಹೇಳೋಕಾಗಲ್ಲ! ಕಾಗದ ಬದಲಾಯಿಸಿದ್ದೇ ಬದಲಾಯಿಸಿದ್ದು, ಅರ್ಧ ತೊಂದರೆ ಹೋಯಿತು. ಬೆಳಿಗ್ಗೆ ಬಸ್ಸಲ್ಲಿ ಬೆನ್ನುಗಳನ್ನು ಹಾಕ್ತಿದ್ದೀನಿ ಮೇಷ್ಟ್ರೇ, ಪಕ್ಕದವರು ಎದ್ದು ಹೋಗದಿದ್ದರೆ ಸಾಕು.

ಹೊಸ ಕಾಟ ಒಂದು ಬಂದಿದೆ. ಬದನೆಕಾಯಿಯ ಮೇಲೆ ನೇರಳೆ ಸಮವಾಗಿ ಹಾಕಿ ಬಿಟ್ಟಿರುತ್ತೇನೆ, ಒಂದು ಕಡೆ ತಿಳಿ ಆಯಿತು ಅಂತ ಸ್ವಲ್ಪ ಬಣ್ಣ ಸೇರಿಸಿದರೆ ಅಲ್ಲಿ ಗುಂಗುರು ಗುಂಗುರಾಗಿ ಹೂಕೋಸಿನ ಥರ ಕಲೆ ಬಿಚ್ಚಿಕೊಳ್ಳುತ್ತೆ. ಒಣಗಿದ ಮೇಲೆ ಅಂಚು ಇನ್ನೂ ಎದ್ದು ಕಾಣುತ್ತೆ. ಯಾಕೆ? ಮತ್ತೆ ಬದನೆಕಾಯಿ ಮೇಲೆ ಹೊಳಪಿಗೆ ಕಾಗದ ಬಿಟ್ಟಿದ್ದೀನಿ, ಆದರೂ ಅಂಟಿಸಿದ ಸ್ಟಿಕ್ಕರ್ ಥರ ಕಾಣುತ್ತೆ.

ಕುಕ್ಕರಹಳ್ಳಿ ಏರಿ

ಅದಕ್ಕೆ ಹೆಸರೇ ಹೂಕೋಸು, ಇಂಗ್ಲಿಷಿನವರೂ ಹಾಗೇ ಕರೆಯೋದು. ಕಾಗದದ ಮೇಲಿರೋದು ಒಣಗ್ತಾ ಬಂದಿದೆ, ನಿಮ್ಮ ಬ್ರಶ್ಶಿನಲ್ಲಿ ಅದಕ್ಕಿಂತ ಜಾಸ್ತಿ ನೀರಿದೆ. ಆ ನೀರು ಹೊರಗೆ ಹರಿಯುತ್ತಾ ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತೆ. ಕಾಗದವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಲೈಟಿಗೆ ಓರೆಯಾಗಿ ಹಿಡಿದು ನೋಡಿ. ಕನ್ನಡಿಯಂಗೆ ಹೊಳೀತಿದ್ದರೆ ಬಣ್ಣ ಸೇರಿಸಬಹುದು, ಹರಡಿಕೊಳ್ಳುತ್ತೆ. ಹೊಳಪು ಹೋಗಿ ಮಂಕಾಗಿ, ಮುಟ್ಟಿದರೆ ಇನ್ನೂ ತಣ್ಣಗಿರುವ ಹೊತ್ತಿದೆಯಲ್ಲ, ಅದೇ ಅಪಾಯದ ಹೊತ್ತು. ಆಗ ಕೈ ಕಟ್ಟಿಕೊಂಡು ಕೂತಿರಿ, ಕಾಫಿ ಮಾಡಿಕೊಂಡು ಬನ್ನಿ. ಸೇರಿಸಲೇಬೇಕು ಅಂದರೆ ಬ್ರಶ್ ಬನಿಯನ್‌ಗೆ ಒತ್ತಿ ನೀರು ತೆಗೆದು ಗಟ್ಟಿ ಬಣ್ಣ ಮಾತ್ರ ಹಾಕಿ. ಮಳೆಗಾಲದಲ್ಲಿ ಈ ಮಂಕು ಹೊತ್ತು ತುಂಬಾ ಉದ್ದ ಇರುತ್ತೆ, ಬೇಸಿಗೆಯಲ್ಲಿ ಹಾಗೆ ಬಂದು ಹೀಗೆ ಹೋಗುತ್ತೆ, ಅದಕ್ಕೇ ಒಂದೇ ಪಾಠ ಕಾಲಕ್ಕೆ ತಕ್ಕ ಹಾಗೆ ಮತ್ತೆ ಕಲಿಯಬೇಕು. ಆಗಿರೋ ಹೂಕೋಸಿಗೆ, ಪೂರ್ತಿ ಒಣಗಿದ ಮೇಲೆ ಒದ್ದೆ ಬ್ರಶ್ಶಿನಿಂದ ಅಂಚನ್ನು ಮೆತ್ತಗೆ ಸವರಿ, ಬಟ್ಟೆಯಲ್ಲಿ ಒತ್ತಿ. ಪೂರ್ತಿ ಹೋಗಲ್ಲ, ಕಣ್ಣಿಗೆ ಹೊಡೆಯೋದು ಕಡಿಮೆ ಆಗುತ್ತೆ.

ಡ್ರಾಯಿಂಗ್ ಮೇಷ್ಟ್ರು, ಮಂಡ್ಯ

ಸ್ಟಿಕ್ಕರ್ ಥರ ಕಾಣೋಕೆ ಕಾರಣ ಹೊಳಪಿನ ಅಂಚು ಸುತ್ತಲೂ ಒಂದೇ ಥರ ಚೂಪಾಗಿರೋದು. ಬದನೆಕಾಯಿಯನ್ನೇ ಹತ್ತಿರದಿಂದ ನೋಡಿ. ಲೈಟಿನ ಕಡೆಯ ಅಂಚು ಚೂಪು, ಇನ್ನೊಂದು ಕಡೆ ನೇರಳೆಯೊಳಗೆ ಮೆಲ್ಲಗೆ ಕರಗಿರುತ್ತದೆ. ಆ ಕಡೆಯನ್ನು ಮಾತ್ರ ಬರೀ ನೀರಿನ ಬ್ರಶ್ಶಿನಿಂದ ಸಡಿಲ ಮಾಡಿ. ಮತ್ತೆ, 6500ರ ಬಲ್ಬ್ ಹಾಕಿದ್ದರೆ ಆ ಹೊಳಪು ಪೂರ್ತಿ ಬಿಳಿ ಇರಲ್ಲ, ಸ್ವಲ್ಪ ನೀಲಿ ಇರುತ್ತದೆ. ನಡುವಿನ ಒಂದು ಚುಕ್ಕೆಯನ್ನು ಬಿಳಿ ಬಿಟ್ಟು ಉಳಿದಿದ್ದಕ್ಕೆ ಬಹಳ ನೀರು ಮಾಡಿದ ಅಲ್ಟ್ರಾಮರೀನ್ ಒಂದು ಸಲ ಓಡಿಸಿ. ತೊಟ್ಟಿನ ಹಸಿರಿಗೆ ಬರ್ಂಟ್ ಸಿಯೆನ್ನಾ ಮರೆಯಬೇಡಿ.

ಮದ್ದೂರು ವಡೆ

ಅಕ್ಕ, ಬದನೆಕಾಯಿ ವಾರವೆಲ್ಲಾ ಟೇಬಲ್ ಮೇಲೆ ಇಟ್ಟರೆ ಸುಕ್ಕಾಗುತ್ತೆ, ಎರಡನೇ ದಿನಕ್ಕೇ ಹೊಳಪು ಕಮ್ಮಿ. ರಾತ್ರಿ ಕೆಲಸ ಮುಗಿದ ಮೇಲೆ ಫ್ರಿಜ್ಜಿನಲ್ಲಿಡಿ, ಕೂರುವ ಹತ್ತು ನಿಮಿಷ ಮುಂಚೆ ತೆಗೆದು ಒರೆಸಿಕೊಳ್ಳಿ. ಮನೆಯವರಿಗೆ ಹೇಳಿಡಿ, ಇಲ್ಲಾಂದ್ರೆ ಎಣ್ಣೆಗಾಯಿ ಆಗಿಬಿಡುತ್ತೆ.

ಹೊಸಕುಂಚ, ಮೈಸೂರು

ಮೊನ್ನೆಯೇ ಆಗಿಹೋಯಿತು ತಮ್ಮಾ. ನಾನೇ ಮಾಡಿದೆ, ಮನೆಯಲ್ಲಿ ಬೇರೆ ತರಕಾರಿ ಇರಲಿಲ್ಲ. ಇವತ್ತು ಹೊಸದು ತಂದಿದ್ದೀನಿ. ಅಂಚು ಸಡಿಲ ಮಾಡಿ ನೋಡಿ ಫೋಟೋ ಹಾಕ್ತೀನಿ, ಮೇಷ್ಟ್ರು ಹೇಳಿದ ಹಾಗೆ ವಾರಕ್ಕೊಂದೇ.